ಕರೆಂಟ್ ಕೊಟ್ಟಿದ್ದ ಜಾಗ

ಶೆಟ್ಟಿಹಳ್ಳಿ, ತುಮಕೂರು
೪ ಆಗಸ್ಟ್ ೨೦೨೫

ಹನುಮಕ್ಕನಿಗೆ ತಾಜುನ್ನೀಸಾ ಬರೆಯೋದು,

ಈ ಸಲ "ನಾವೆಲ್ಲಾ ಚೆನ್ನಾಗಿದೀವಿ" ಅಂತ ಶುರು ಮಾಡಲ್ಲ ಕಣಕ್ಕ. ಮೂರು ತಿಂಗಳಿಂದ ಉಚ್ಚೆಯಲ್ಲಿ ರಕ್ತ ಹೋಗ್ತಿತ್ತು. ನೋವಿಲ್ಲ, ಉರಿಯಿಲ್ಲ. ಉಷ್ಣ ಅಂದ್ಕೊಂಡು ಬಾರ್ಲಿ ನೀರು ಕುಡ್ಕೊಂಡು ಕೂತಿದ್ದೆ. ಸೊಸೆ ಬಚ್ಚಲಲ್ಲಿ ನೋಡಿ ಮಗ ಝುಬೇರ್‌ಗೆ ಹೇಳಿಬಿಟ್ಟಳು. ಅವನು ಅಂಗಡಿ ಬಾಗಿಲು ಎಳೆದು ಬೆಂಗಳೂರಿಗೆ ಕರ್ಕೊಂಡು ಹೋದ. ಕ್ಯಾಮರಾ ಹಾಕಿ ನೋಡಿದ್ರು, ಚೂರು ಕೆರೆದು ಟೆಸ್ಟಿಗೆ ಕಳಿಸಿದ್ರು. ಮೂತ್ರಕೋಶದ ಕ್ಯಾನ್ಸರ್. ಗೋಡೆಯೊಳಕ್ಕೆ ಇಳಿದುಬಿಟ್ಟಿದೆ, ಮೂತ್ರಕೋಶಾನೇ ತೆಗೀಬೇಕು ಅಂತಾರೆ. ಸೆಪ್ಟೆಂಬರ್ ಒಂಬತ್ತಕ್ಕೆ ದಿನ ಕೊಟ್ಟಿದ್ದಾರೆ.

ಆಪರೇಶನ್ ಮಾಡೋದು ರೋಬೋಟ್! ನಗಬೇಡ. ಡಾಕ್ಟ್ರು ಸೋಮಶೇಖರ್ ಅಂತ. ಅವರು ನನ್ನ ಹತ್ರಾನೂ ಬರಲ್ವಂತೆ. ರೂಮಿನ ಮೂಲೇಲಿ ಕೂತು, ಡಬ್ಬದೊಳಗೆ ಕಣ್ಣಿಟ್ಟು ಕೈ ಆಡಿಸ್ತಾರಂತೆ, ಇತ್ಲಾಗೆ ನನ್ನ ಹೊಟ್ಟೆಯೊಳಗೆ ಮಿಷನ್ನಿನ ಕೈಗಳು ಕೆಲಸ ಮಾಡ್ತವಂತೆ. ನಮ್ಮ ಯಜಮಾನ್ರು ನಲವತ್ತು ವರ್ಷ ಹಾಸಿಗೆ ಹೊಲಿದೋರು, ಇದ್ದಿದ್ರೆ "ಕೈ ತಗಲದೆ ಎಂಥಾ ಹೊಲಿಗೆ ಕಣೇ" ಅಂತ ನಗೋರು. ಮೂತ್ರಕೋಶ ತೆಗೆದು, ನನ್ನ ಕರುಳಿನ ತುಂಡಲ್ಲೇ ಒಳಗೆ ಹೊಸ ಚೀಲ ಹೊಲೀತಾರಂತೆ.

ಈಗ ಮುಖ್ಯವಾದ ಮಾತು. ಹದಿನೈದು ವರ್ಷದ ಕೆಳಗೆ ನಾವಿಬ್ಬರೂ ಆ ಧರ್ಮಶಾಲೆಯಲ್ಲಿ ಪಕ್ಕಪಕ್ಕ ಚಾಪೆ ಹಾಸ್ಕೊಂಡು, ದಿನಾ ಕ್ಯೂ ನಿಂತು ಕಿಬ್ಬೊಟ್ಟೆಗೆ ರೇಡಿಯೇಶನ್ ಕರೆಂಟ್ ತಗೊಂಡಿದ್ದು ನಮ್ಮನೇಲಿ ಯಾರಿಗೂ ಗೊತ್ತಿಲ್ಲ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಅಂತ ಗೊತ್ತಾದ್ರೆ ಮಗಳು ಮುಬಶ್ಶಿರಾಗೆ ಗಂಡು ಸಿಗ್ತಿರಲಿಲ್ಲ. "ಗರ್ಭಕೋಶ ತೆಗ್ಸಿದ್ವಿ" ಅಂತಲೇ ಯಜಮಾನ್ರು ಎಲ್ಲರಿಗೂ ಹೇಳಿದ್ರು. ಝುಬೇರ್ ಈಗ ಡಾಕ್ಟ್ರ ಹತ್ರಾನೂ ಅದನ್ನೇ ಬರೆಸಿದ್ದಾನೆ. ನಾನು ಸುಮ್ನಿದ್ದೆ. ಝುಬೇರ್ ಮಗಳು ತಹಸೀನ್‌ಗೆ ಕುಣಿಗಲ್ಲಿಂದ ಒಳ್ಳೇ ಸಂಬಂಧ ಬಂದಿದೆ. ಅಜ್ಜಿಗೆ ಒಂದಲ್ಲ ಎರಡು ಕ್ಯಾನ್ಸರ್ ಅಂದ್ರೆ ಆ ಜನ ಮತ್ತೆ ಈ ಕಡೆ ತಲೆ ಹಾಕಲ್ಲ.

ಆ ಹಳೇ ಫೈಲು ನಿನ್ನ ಹತ್ರ ಇದೆಯಲ್ಲಾ, ಯಜಮಾನ್ರು ನಿನ್ನ ಚೀಲಕ್ಕೆ ತುರುಕಿದ್ದು? ಅದನ್ನ ಒಲೆಗೆ ಹಾಕಿಬಿಡು. ಫೋನ್ ಮಾಡೋಕೆ ನಿನಗೆ ಕಿವಿ ಕೇಳಲ್ಲ, ಮೆಸೇಜ್ ಹಾಕಿದ್ರೆ ಮನೆಮಂದಿಯೆಲ್ಲಾ ಓದ್ತಾರೆ. ಕಾಗದವೇ ವಾಸಿ. ನಿನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರ ನನ್ನ ಬಿಟ್ಟು ಬೇರೆ ಯಾರಿಗೂ ಓದೋಕೆ ಬರಲ್ಲ.

ನಿನ್ನ ತಾಜು


ಗುಬ್ಬಿ
೯ ಆಗಸ್ಟ್ ೨೦೨೫

ತಾಜಮ್ಮ,

ನಿನ್ನ ಕಾಗದ ಓದಿದೆ. ರೋಬೋಟ್ ಗೀಬೋಟ್ ಎಲ್ಲಾ ಆಮೇಲೆ ಬುಡು. ಮೊದಲು ಡಾಕ್ಟ್ರಿಗೆ ಕರೆಂಟ್ ಕೊಟ್ಟಿದ್ದು ಹೇಳು. ಇವತ್ತೇ ಹೇಳು. ಝುಬೇರನ ಮುಂದೆ ಹೇಳೋಕಾಗದಿದ್ರೆ ಅವನನ್ನ ಟೀ ತರೋಕೆ ಕಳಿಸಿ ಹೇಳು.

ಯಾಕೆ ಅಂತೀಯ? ನಮ್ಮ ಕಡೆ ಪುಟ್ಟಗಂಗಮ್ಮ ಅಂತ ಒಬ್ಬಳು ಅವಳೆ. ಅವಳಿಗೂ ನಮ್ಮಂಗೇ ಕರೆಂಟ್ ಕೊಟ್ಟಿದ್ರು. ಎರಡು ವರ್ಷ ಆದಮೇಲೆ ಕೆಳಗಡೆ ಏನೋ ತೊಂದರೆ ಆಗಿ ಬೇರೆ ಆಸ್ಪತ್ರೆಗೆ ಹೋದಳು. ಅಲ್ಲಿ ನಾಚಿಕೊಂಡು ಹಳೇ ಕಾಯಿಲೆ ಮುಚ್ಚಿಟ್ಟಳು. ಡಾಕ್ಟ್ರು ಹೊಟ್ಟೆ ಬಿಚ್ಚಿದ್ರೆ ಕರುಳೆಲ್ಲಾ ಒಂದಕ್ಕೊಂದು ಅಂಟಿಕೊಂಡಿತ್ತಂತೆ. ಬಿಡಿಸಿ ಹೊಲಿದ್ರು. ಆರನೇ ದಿನ ಹೊಲಿಗೆ ಬಿಟ್ಟು ಒಳಗೇ ಸೋರಿ, ಜ್ವರ ಏರಿ, ಸಾಯೋ ಹಂಗಾಗಿದ್ದಳು. ಕರೆಂಟ್ ತಗಲಿದ ಜಾಗ ಹಳೇ ಪಂಚೆ ಇದ್ದಂಗೆ ಕಣೇ, ಒಂದು ಕಡೆ ಹೊಲಿದ್ರೆ ಪಕ್ಕದಲ್ಲೇ ಹರಿಯುತ್ತೆ. ಹಾಸಿಗೆ ಹೊಲಿಯೋರ ಹೆಂಡತಿಗೆ ಇದನ್ನ ನಾನು ಹೇಳಿಕೊಡಬೇಕಾ?

ನಿಮ್ಮ ಡಾಕ್ಟ್ರಿಗೆ ಕೈಯಲ್ಲಿ ಮುಟ್ಟಿದ್ರಾದ್ರೂ ಗೊತ್ತಾಗೋದು. ದೂರ ಕೂತು ಮಿಷನ್ನಲ್ಲಿ ಎಳೆದಾಗ ಎಷ್ಟು ಅಂಟಿದೆ ಅಂತ ಅವರಿಗೆ ಹೆಂಗೆ ಗೊತ್ತಾಗಬೇಕು? ಅವರಿಗೆ ಗೊತ್ತಿದ್ರೆ ಅದಕ್ಕೆ ತಕ್ಕಂಗೆ ತಯಾರಾಗಿ ಬತ್ತಾರೆ.

ಫೈಲು ಸುಡಲ್ಲ. ಬೈಕೋ, ಸುಡಲ್ಲ.

ಹನುಮಂತಮ್ಮ


ಶೆಟ್ಟಿಹಳ್ಳಿ
೧೪ ಆಗಸ್ಟ್ ೨೦೨೫

ಹನುಮಕ್ಕ,

ಯಾವಳೋ ಪುಟ್ಟಗಂಗಮ್ಮನ ಕಥೆ ಕಟ್ಕೊಂಡು ನನಗೇನಾಗಬೇಕು? ಹದಿನೈದು ವರ್ಷದಲ್ಲಿ ಒಂದು ದಿನವಾದ್ರೂ ಆ ಹೆಸರು ನಿನ್ನ ಬಾಯಲ್ಲಿ ಬಂದಿಲ್ಲ. ನನ್ನ ಹೆದರಿಸೋಕೆ ಈಗ ಹುಟ್ಟಿದಳಾ?

ಮೊನ್ನೆ ಸ್ಕ್ಯಾನ್ ಆಯ್ತು. ಡಾಕ್ಟರ್ ಸುಧಾ ಅಂತ ಒಬ್ಬಳು ಸಣ್ಣ ಡಾಕ್ಟರಮ್ಮ ಇದಾಳೆ, ಇಪ್ಪತ್ತೆಂಟು ಮೂವತ್ತು ಇರಬಹುದು, ಕಣ್ಣು ಮಾತ್ರ ಪೊಲೀಸಿನೋಳದ್ದು. "ಅಮ್ಮಾ, ಗರ್ಭಕೋಶ ತೆಗ್ಸಿದ್ದಾರೆ ಅಂತ ನಿಮ್ಮ ಮಗ ಬರೆಸಿದ್ದಾರೆ. ಸ್ಕ್ಯಾನಲ್ಲಿ ಕಾಣ್ತಿದೆಯಲ್ಲಾ?" ಅಂದಳು. ಝುಬೇರ್ ನನ್ನ ಮುಖ ನೋಡಿದ. "ಧರ್ಮದ ಆಸ್ಪತ್ರೆ ಕಣಮ್ಮ, ಅರ್ಧ ತೆಗೆದು ಅರ್ಧ ಬಿಟ್ಟಿರಬೇಕು" ಅಂದೆ. ಝುಬೇರ್ ನಕ್ಕ. ಅವಳು ನಗಲಿಲ್ಲ. "ಆ ಭಾಗಕ್ಕೆ ಯಾವತ್ತಾದ್ರೂ ಕರೆಂಟ್ ಕೊಟ್ಟಿದ್ರಾ?" ಅಂತ ಕೇಳಿದಳು. ಇಲ್ಲ ಅಂದೆ. ಇನ್ನೊಂದು ಸಲ ಕೇಳಿದಳು. ಇಲ್ಲಮ್ಮಾ ಅಂದೆ. ಹಳೇ ಕಾಗದಪತ್ರ ಏನಾದ್ರೂ ಇದ್ರೆ ತನ್ನಿ ಅಂದಳು. ಯಜಮಾನ್ರು ತೀರಿಹೋದ್ರು, ಅವರ ಜೊತೆಗೇ ಹೋಯ್ತು ಅಂದೆ. ಅಲ್ಲಾ ನನ್ನ ಮಾಫ್ ಮಾಡಲಿ.

ಆಯ್ತು, ಮುಗೀತು. ನೀನು ಮಧ್ಯ ಬರಬೇಡ. ಬರೋಕೆ ನಿನಗೇನು ಹಕ್ಕಿದೆ ಹೇಳು? ಮುಬಶ್ಶಿರಾ ಮದುವೆಗೆ ನಿನಗೋಸ್ಕರ ಅಂತಲೇ ಬೇರೆ ಒಲೇಲಿ, ಹೊಸ ಪಾತ್ರೇಲಿ ಶಾವಿಗೆ ಪಾಯಸ ಮಾಡ್ಸಿದ್ದೆ. ನೀನು ಬರಲಿಲ್ಲ. ಮಾರನೇ ವರ್ಷ ಬಂದೋಳು ಜಗಲಿ ಮೇಲೇ ನಿಂತೆ. ಕೂತ್ಕೊಳಲಿಲ್ಲ, ಒಂದು ಲೋಟ ನೀರು ಮುಟ್ಟಲಿಲ್ಲ, ಬಸ್ಸಿಗೆ ಹೊತ್ತಾಯ್ತು ಅಂತ ಓಡಿದೆ. ಧರ್ಮಶಾಲೆಯಲ್ಲಿ ನನ್ನ ತಟ್ಟೆಯಿಂದಲೇ ಎತ್ತಿ ತಿಂದೋಳು ನೀನು! ಕಾಯಿಲೆ ಇದ್ದಾಗ ಎಲ್ಲಾ ಒಂದೇ, ವಾಸಿಯಾದ ಮೇಲೆ ನಾನು ಸಾಬರೋಳು. ಇಷ್ಟು ವರ್ಷ ಬಾಯಿಬಿಟ್ಟು ಹೇಳಿರಲಿಲ್ಲ. ಇವತ್ತು ಹೇಳ್ತಾ ಇದೀನಿ.

ಫೈಲು ಸುಡು.

ತಾಜುನ್ನೀಸಾ


ಗುಬ್ಬಿ
೧೯ ಆಗಸ್ಟ್ ೨೦೨೫

ತಾಜಮ್ಮ,

ನೀರು ಮುಟ್ಟಲಿಲ್ಲ ಅಂದೆ. ನಿಜ. ಮುಟ್ಟಲಿಲ್ಲ. ಕಾರಣ ನೀನು ಅಂದ್ಕೊಂಡಿದ್ದಲ್ಲ. ಅದಕ್ಕಿಂತ ಹೆಚ್ಚು ಈ ಕಾಗದದಲ್ಲಿ ಬರೆಯೋಕೆ ನನ್ನ ಕೈಲಿ ಆಗ್ತಿಲ್ಲ.

ಆ ಡಾಕ್ಟರಮ್ಮ ಎರಡು ಸಲ ಕೇಳಿದಳು ಅಂದ್ರೆ ಅವಳಿಗೆ ಅನುಮಾನ ಬಂದೈತೆ. ನೀನು ಎರಡು ಸಲಾನೂ ಸುಳ್ಳು ಹೇಳಿದೆ. ಮೊಮ್ಮಗಳ ಮದುವೆ ನೋಡೋಕೆ ಅಜ್ಜಿ ಇರಬೇಕೋ ಬ್ಯಾಡವೋ? ಸಂಬಂಧ ಈ ಊರಲ್ಲಿ ತಪ್ಪಿದ್ರೆ ಇನ್ನೊಂದು ಊರಲ್ಲಿ ಸಿಗುತ್ತೆ.

ಒಂದು ಮಾತು ನೆಟ್ಟಗೆ ಹೇಳ್ತೀನಿ ಕೇಳು. ಈ ತಿಂಗಳು ಮುಗಿಯೋದ್ರೊಳಗೆ ನೀನು ಹೇಳದಿದ್ರೆ, ನಾನೇ ಬಸ್ ಹತ್ತಿ ಬಂದು ಫೈಲನ್ನ ಝುಬೇರನ ಕೈಗೆ ಕೊಡ್ತೀನಿ. ಆಮೇಲೆ ನನ್ನ ಮುಖ ನೋಡಬ್ಯಾಡ, ಪರವಾಗಿಲ್ಲ.

ಹನುಮಂತಮ್ಮ


ಶೆಟ್ಟಿಹಳ್ಳಿ
೨೩ ಆಗಸ್ಟ್ ೨೦೨೫

ಅಕ್ಕಾ,

ದಮ್ಮಯ್ಯ, ಬರಬೇಡ. ಕಾಲಿಗೆ ಬೀಳ್ತೀನಿ. ಹೋದ ಕಾಗದದಲ್ಲಿ ಬಾಯಿಗೆ ಬಂದಂಗೆ ಬೈದೆ, ತಪ್ಪಾಯ್ತು. ನಿಜವಾದ ವಿಷಯ ಈಗ ಬರೀತೀನಿ, ಓದಿ ಆಮೇಲೆ ಏನು ಬೇಕಾದ್ರೂ ಮಾಡು.

ತಹಸೀನ್ ಸಂಬಂಧ ಒಂದು ಕಾರಣ, ಸುಳ್ಳಲ್ಲ. ಆದ್ರೆ ಅದೊಂದೇ ಅಲ್ಲ. ಆಸ್ಪತ್ರೆಯಲ್ಲಿ ಕಾಯೋ ಜಾಗದಲ್ಲಿ ಕೋರ ಊರಿನ ಸದಾಶಿವಯ್ಯ ಅಂತ ಒಬ್ಬರು ರಿಟೈರ್ ಆದ ಮೇಷ್ಟ್ರು ಸಿಕ್ಕಿದ್ರು. ನಮ್ಮ ಕಡೆಯೋರು ಅಂತ ಮಾತಿಗೆ ಕೂತ್ವಿ. ಅವರದ್ದೂ ಮೂತ್ರಕೋಶ ತೆಗೆದಿದ್ದಾರೆ. "ನಿಮಗೆ ಒಳಗಡೆ ಚೀಲ ಇಟ್ರಾ?" ಅಂದೆ. ಪಂಚೆ ಸರಿಸಿ ತೋರಿಸಿದ್ರು. ಹೊಟ್ಟೆ ಮೇಲೆ ಪ್ಲಾಸ್ಟಿಕ್ ಬ್ಯಾಗು ಅಂಟಿಸಿದ್ದಾರೆ, ಅದರೊಳಗೆ ಹಳದಿ ನೀರು ತುಂಬ್ತಾ ಇದೆ. "ನನಗೆ ಮುಂಚೆ ಬೇರೆ ಕ್ಯಾನ್ಸರಿಗೆ ಕರೆಂಟ್ ಕೊಟ್ಟಿದ್ರು ತಾಯಿ. ಅಂಥೋರಿಗೆ ಒಳಗಿನ ಚೀಲ ಆಗಿಬರಲ್ಲವಂತೆ, ಜೀವನಪೂರ್ತಿ ಹೊರಗಡೆ ಬ್ಯಾಗೇ" ಅಂದ್ರು.

ಅವತ್ತೇ ನನ್ನ ಬಾಯಿ ಕಟ್ಟಿಹೋಯ್ತು ಅಕ್ಕ. ಕರೆಂಟಿನ ವಿಷಯ ಹೇಳಿದ್ರೆ ನನಗೂ ಅದೇ ಗತಿ. ದಿನಕ್ಕೆ ಐದು ಹೊತ್ತು ನಮಾಜ್ ಮಾಡೋಳು ನಾನು. ಬಟ್ಟೆಗೆ ಒಂದು ಹನಿ ಉಚ್ಚೆ ತಾಗಿದ್ರೂ ಬದಲಾಯಿಸಿ, ಕೈಕಾಲು ಮುಖ ತೊಳೆದು ವುಜೂ ಮಾಡಿ, ಮತ್ತೆ ಚಾಪೆ ಮೇಲೆ ನಿಲ್ಲೋಳು. ಸದಾ ಉಚ್ಚೆ ಚೀಲ ಕಟ್ಕೊಂಡು ಅಲ್ಲಾನ ಮುಂದೆ ಹೆಂಗೆ ನಿಲ್ಲಲಿ? ಮೊಮ್ಮಕ್ಕಳು ಹತ್ತಿರ ಬಂದು ಮೂಗು ಮುಚ್ಕೊಂಡ್ರೆ? ಅದಕ್ಕಿಂತ ಆ ಮೇಜಿನ ಮೇಲೇ ಪ್ರಾಣ ಹೋಗಲಿ.

ನಿನಗೆ ಇದು ಅರ್ಥ ಆಗಲ್ಲ. ಆಗೋಕೆ ನಿನ್ನ ಮೈಗೆ ಬಂದಿಲ್ಲವಲ್ಲಾ, ಬರೋದೂ ಬೇಡ. ಒಂದೇ ಒಂದು ಸಲ ನನ್ನ ಮಾತು ನಡೆಸಿಕೊಡು. ಏಳನೇ ತಾರೀಕು ಅಡ್ಮಿಟ್ ಆಗ್ತೀನಿ.

ತಾಜು


ಗುಬ್ಬಿ
೨೮ ಆಗಸ್ಟ್ ೨೦೨೫

ತಾಜು,

ಪುಟ್ಟಗಂಗಮ್ಮ ಅಂತ ಯಾರೂ ಇಲ್ಲ ಕಣೇ. ಅದು ನಾನು.

ಬರೆದಾಯ್ತು. ಈ ಒಂದು ಸಾಲು ಬರೆಯೋಕೆ ಎರಡು ದಿನ ಹಿಡೀತು. ಇನ್ನು ಮಿಕ್ಕಿದ್ದು ಸುಲಭ.

ಕರೆಂಟ್ ಮುಗಿಸಿ ಬಂದು ಎರಡು ವರ್ಷಕ್ಕೆ ನನಗೆ ಮಲದಲ್ಲಿ ರಕ್ತ ಹೋಗೋಕೆ ಶುರುವಾಯ್ತು. ಆಮೇಲೆ ಎಲ್ಲಿಂದ ಬರಬಾರದೋ ಅಲ್ಲಿಂದಲೂ ಮಲ ಬರೋದು. ಹೆಂಗಸಿಗೆ ಇದಕ್ಕಿಂತ ಅವಮಾನ ಉಂಟೇನೇ? ಯಾವುದೋ ಆಸ್ಪತ್ರೆಗೆ ಹೋಗಿ, ಹಳೇದೆಲ್ಲಾ ಮುಚ್ಚಿಟ್ಟು ಮಲಗಿದೆ. ಮುಂದಿಂದು ಬರೆದಿದೀನಲ್ಲ. ಹೊಲಿಗೆ ಬಿಟ್ಟು, ಎರಡನೇ ಸಲ ಹೊಟ್ಟೆ ಬಿಚ್ಚಿ, ಕರುಳನ್ನ ಹೊಟ್ಟೆ ಮೇಲಕ್ಕೆ ತಂದು ಬ್ಯಾಗು ಹಾಕಿದ್ರು. "ಮೊದಲೇ ಹೇಳಿದ್ರೆ ಬೇರೆ ಥರ ಮಾಡ್ತಿದ್ವಲ್ಲಮ್ಮಾ" ಅಂತ ಆ ಡಾಕ್ಟ್ರು ತಲೆ ಚಚ್ಕೊಂಡ್ರು. ಅಕ್ಟೋಬರ್ ಎರಡು ಸಾವಿರದ ಹನ್ನೆರಡು. ಮುಬಶ್ಶಿರಾ ಮದುವೆ ಜನವರೀಲಿ. ಎದ್ದು ನಿಲ್ಲೋಕೂ ತ್ರಾಣ ಇರಲಿಲ್ಲ ಕಣೇ, ಪಾಯಸ ಎಲ್ಲಿ ತಿನ್ನಲಿ?

ಮಾರನೇ ವರ್ಷ ನಿನ್ನ ನೋಡಲೇಬೇಕು ಅಂತ ಬಂದೆ. ಬಸ್ಸಲ್ಲಿ ಬರುವಾಗಲೇ ಬ್ಯಾಗು ತುಂಬಿತ್ತು. ನಿಮ್ಮ ಜಗಲಿ ಮೇಲೆ ನಿಂತಾಗ ವಾಸನೆ ಬರ್ತಿದೆ ಅಂತ ನನಗೆ ಗ್ಯಾರಂಟಿ ಆಯ್ತು. ಕೂತ್ರೆ ಒತ್ತುತ್ತೆ, ಕುಡಿದ್ರೆ ಇನ್ನೂ ತುಂಬುತ್ತೆ. ನೀನು ಲೋಟ ಹಿಡ್ಕೊಂಡು ನಿಂತಿದ್ದೆ. ನಿನ್ನ ಕೈಯ ನೀರು ಬ್ಯಾಡ ಅಂತ ನಾನು ಓಡಿದ್ದಲ್ಲ. ನಿನ್ನ ಮನೆ ಜಗಲಿ ಹೊಲಸಾಗಬಾರದು ಅಂತ ಓಡಿದ್ದು. ಅದನ್ನ ನೀನು ಸಾಬರೋಳು, ಹಿಂದೂಗಳೋಳು ಅಂತ ಮಾಡಿಕೊಂಡೆ. ಹನ್ನೊಂದು ವರ್ಷ ಮನಸ್ಸಲ್ಲೇ ಇಟ್ಕೊಂಡೆಯಲ್ಲಾ, ಒಂದು ಕಾಗದದಲ್ಲಿ ಬೈದುಬಿಟ್ಟಿದ್ರೆ ಅವತ್ತೇ ಹೇಳಿಬಿಡ್ತಿದ್ದೆನೇನೋ. ಮನೇಲಿ ಇವರಿಗೆ ಬಿಟ್ರೆ ಯಾರಿಗೂ ಹೇಳಿರಲಿಲ್ಲ. ಸೊಸೆ ಮಾನಸಾಗೆ ಗೊತ್ತಾಗಿದ್ದೂ ಅವಳು ಬಂದು ಎರಡು ವರ್ಷ ಆದಮೇಲೆ.

ಮೊದಲನೇ ವರ್ಷ ನಾನು ದೇವರ ಮುಂದೆ ದೀಪ ಹಚ್ಚಲಿಲ್ಲ. ಮೈಲಿಗೆ ಅಂತ. ಆಮೇಲೆ ಒಂದು ದಿನ ಕೋಪ ಬಂತು. ಈ ಮೈ ಕೊಟ್ಟೋನೂ ಅವನೇ, ಕಾಯಿಲೆ ಕೊಟ್ಟೋನೂ ಅವನೇ, ಇನ್ನು ಬ್ಯಾಗಿಗೆ ಮಾತ್ರ ನಾನು ನಾಚಬೇಕಾ ಅಂತ ಸ್ನಾನ ಮಾಡಿ ಹೋಗಿ ಹಚ್ಚಿದೆ. ನಿಮ್ಮ ಕಡೆ ಹೆಂಗೋ ನನಗೆ ತಿಳೀದು. ತಿಳಿದೋರನ್ನ ಕೇಳು, ನೀನೇ ತೀರ್ಮಾನ ಮಾಡಿ ಸಾಯಬ್ಯಾಡ.

ಝುಬೇರನ ಕೈಗೆ ಕೊಡ್ತೀನಿ ಅಂದಿದ್ದೆನಲ್ಲಾ, ಕೊಡಲ್ಲ. ನಿನ್ನ ಮೈ, ನಿನ್ನ ಗುಟ್ಟು. ಸೋಮವಾರ ಇವರು ಫೈಲು ತರ್ತಾರೆ. ನಿನ್ನ ಕೈಗೇ ಕೊಡಿ, ಬೇರೆ ಯಾರ ಕೈಗೂ ಬ್ಯಾಡ ಅಂತ ಹತ್ತು ಸಲ ಹೇಳಿದೀನಿ. ಒಲೆಗೆ ಹಾಕ್ತೀಯೋ, ಡಾಕ್ಟ್ರ ಕೈಗೆ ಹಾಕ್ತೀಯೋ, ನೀನೇ ಹಾಕು.

ಸಾಯಬ್ಯಾಡ ಕಣೇ ತಾಜು. ನಂಗೆ ಬೇರೆ ಯಾರೂ ಕಾಗದ ಬರೆಯಲ್ಲ.

ಹನುಮ


ಗುಬ್ಬಿ
೮ ಸೆಪ್ಟೆಂಬರ್ ೨೦೨೫

ತಾಜು,

"ಫೈಲು ಅವರ ಕೈಗೇ ಕೊಟ್ಟೆ, ತಗೊಂಡು ಒಳಗೆ ಹೋದ್ರು" ಅಂತ ಇವರು ಬಂದು ಹೇಳಿದ್ರು. ವಾರ ಆಯ್ತು. ಒಂದು ಸಾಲು ಇಲ್ಲ. ನಾಳೆ ಆಪರೇಶನ್. ಕೊಟ್ಟೆಯೋ ಇಲ್ಲವೋ? ಈ ಕಾಗದ ನಿನಗೆ ಸಿಗೋ ಹೊತ್ತಿಗೆ ಎಲ್ಲಾ ಮುಗಿದಿರುತ್ತೆ ಅಂತ ಗೊತ್ತು. ಸುಮ್ಮನೆ ಕೂರೋಕೆ ಆಗದೆ ಬರೀತಾ ಇದೀನಿ.

ಹನುಮ


ಗುಬ್ಬಿ
೧೯ ಸೆಪ್ಟೆಂಬರ್ ೨೦೨೫

ತಾಜು,

ಮಾನಸಾ ಕೈಲಿ ಝುಬೇರ್‌ಗೆ ಫೋನ್ ಮಾಡಿಸಿದೆ. ಒಂಬತ್ತನೇ ತಾರೀಕು ಎತ್ತಲೇ ಇಲ್ಲ. ಮೊನ್ನೆ ಎತ್ತಿ, "ಆಂಟಿ, ಐಸಿಯು ಹತ್ರ ಇದೀನಿ, ಆಮೇಲೆ ಮಾಡ್ತೀನಿ" ಅಂದು ಇಟ್ಟುಬಿಟ್ಟನಂತೆ. ಒಂಬತ್ತಕ್ಕೆ ಆಪರೇಶನ್ ಆದೋಳು ಹದಿನೇಳಕ್ಕೂ ಐಸಿಯುನಲ್ಲಿ ಯಾಕೆ? ನನ್ನ ಹೊಲಿಗೆ ಬಿಟ್ಟಿದ್ದು ಆರನೇ ದಿನ. ಲೆಕ್ಕ ಹಾಕಿ ಹಾಕಿ ತಲೆ ಕೆಟ್ಟೈತೆ. ಆಮೇಲೆ ಅವನು ಫೋನೂ ಮಾಡಲಿಲ್ಲ.

ನಾನೇ ಬಂದು ಕೊಡಬೇಕಿತ್ತು. ನಿನ್ನ ಮೈ, ನಿನ್ನ ಗುಟ್ಟು ಅಂತ ದೊಡ್ಡಸ್ತಿಕೆ ಮಾಡಿದೆ. ನೀನು ಬೈಕೊಂಡು ಬದುಕಿದ್ರೂ ಸಾಕಿತ್ತು.

ಯಾರಾದ್ರೂ ಒಂದು ಸಾಲು ಬರೀರಪ್ಪಾ.

ಹನುಮಂತಮ್ಮ


ಶೆಟ್ಟಿಹಳ್ಳಿ
೨೨ ಅಕ್ಟೋಬರ್ ೨೦೨೫

ಹನುಮಕ್ಕ,

ಬದುಕಿದೀನಿ. ದಿಂಬಿಗೆ ಒರಗಿ ಬರೀತಿದೀನಿ, ಅಕ್ಷರ ನಿನ್ನ ಅಕ್ಷರದ ಥರಾನೇ ಆಗಿದೆ, ಓದ್ಕೋ.

ನಿನ್ನ ಕಾಗದಗಳೆಲ್ಲಾ ಬಂದವು. ಮನೆಗೆ ಬಂದು ಮೂರು ವಾರ ಆಯ್ತು, ಬೇಕೂಂತಲೇ ಬರೆಯಲಿಲ್ಲ. ನಿನ್ನ ಮೇಲೆ ಅಷ್ಟು ಸಿಟ್ಟಿತ್ತು.

ಫೈಲನ್ನ ಒಂದು ವಾರ ಹಾಸಿಗೆ ಕೆಳಗೆ ಇಟ್ಕೊಂಡು ಮಲಗಿದ್ದೆ. ಒಲೆ ಹತ್ರ ಎರಡು ಸಲ ಹೋದೆ. ಆಸ್ಪತ್ರೆಗೂ ಬಟ್ಟೆ ಚೀಲದ ತಳದಲ್ಲಿ ಹಾಕ್ಕೊಂಡೇ ಹೋದೆ. ಎಂಟನೇ ತಾರೀಕು ಡಾಕ್ಟರ್ ಸುಧಾ ಸಹಿ ಹಾಕಿಸಿಕೊಳ್ಳೋಕೆ ಕಾಗದ ತಂದಳು. "ನನ್ನ ಹಿಂದಿನ ಚಿಕಿತ್ಸೆಗಳನ್ನೆಲ್ಲಾ ವೈದ್ಯರಿಗೆ ತಿಳಿಸಿದ್ದೇನೆ" ಅಂತ ಒಂದು ಸಾಲಿತ್ತು, ಅಚ್ಚ ಕನ್ನಡದಲ್ಲಿ. ಓದದೆ ಸಹಿ ಹಾಕಿದ್ರೆ ಆಗಿಹೋಗ್ತಿತ್ತು. ಓದಿಬಿಟ್ಟೆ. ಪೆನ್ನು ಮುಂದಕ್ಕೆ ಹೋಗಲಿಲ್ಲ. ನೀನು ಒಬ್ಬಳೇ ಬಸ್ಸಲ್ಲಿ ಹೊಟ್ಟೆ ಹಿಡ್ಕೊಂಡು ಕೂತಿದ್ದು ಕಣ್ಣ ಮುಂದೆ ಬಂತು. ಚೀಲದಿಂದ ಫೈಲು ತೆಗೆದು ಅವಳ ಕೈಗೆ ಇಟ್ಟೆ. ಅವಳು ಬೈಯಲಿಲ್ಲ. ನನ್ನ ಕೆನ್ನೆ ಮುಟ್ಟಿ, "ಥ್ಯಾಂಕ್ಸ್ ಅಮ್ಮ" ಅಂದು ಓಡಿದಳು.

ಸೋಮಶೇಖರ್ ಡಾಕ್ಟ್ರು ಬಂದು ನಿಂತ್ಕೊಂಡೇ ಓದಿದ್ರು, ಆಮೇಲೆ ಸ್ಟೂಲ್ ಎಳ್ಕೊಂಡು ಕೂತ್ರು. ನಾಳೆ ಆಪರೇಶನ್ ಇಲ್ಲ ಅಂದ್ರು. ಒಳಗಿನ ಚೀಲಾನೂ ಇಲ್ಲ. ಹದಿನೇಳಕ್ಕೆ ಹೊಸದಾಗಿ ಪ್ಲಾನ್ ಮಾಡಿದ್ರು. ಒಂಬತ್ತು ಗಂಟೆ ಹಿಡೀತು. ನೀನು ಹೇಳಿದಂಗೇ ಎಲ್ಲಾ ಅಂಟಿಕೊಂಡಿತ್ತಂತೆ. ರೋಬೋಟಲ್ಲಿ ಕೂದಲೆಳೆಯಷ್ಟೇ ಬಿಡಿಸ್ತಾ ಹೋದ್ರಂತೆ, ಆಗದಿದ್ರೆ ಹೊಟ್ಟೆ ಬಿಚ್ಚೋಕೂ ಪಕ್ಕದಲ್ಲಿ ರೆಡಿಯಾಗಿದ್ರಂತೆ, ಬೇಕಾಗಲಿಲ್ಲ. ಕರೆಂಟ್ ತಗಲದೇ ಇರೋ ಮೇಲ್ಗಡೆ ಕರುಳಿನ ತುಂಡು ತಗೊಂಡು ಹೊಟ್ಟೆ ಮೇಲೆ ಬಾಯಿ ಮಾಡಿದ್ದಾರೆ. ಹೊಲಿಗೆ ಹಿಡಿದಿದೆ.

ಝುಬೇರ್ ಕೂಗಾಡ್ತಾನೆ ಅಂದ್ಕೊಂಡಿದ್ದೆ. "ಅಬ್ಬಾಗೂ ಗೊತ್ತಿತ್ತಾ ಅಮ್ಮಿ?" ಅಂತ ಒಂದೇ ಮಾತು ಕೇಳಿ ಹೊರಗೆ ಹೋದ. ಆಮೇಲೆ ಕಣ್ಣು ಕೆಂಪು ಮಾಡ್ಕೊಂಡು ಬಂದು, "ನಾನು ತಪ್ಪು ಬರೆಸಿ ನಿಮ್ಮನ್ನ ಕೊಂದುಬಿಡ್ತಿದ್ದೆನಲ್ಲಾ" ಅಂದ. ಇದು ನನಗೆ ಹೊಳೆದೇ ಇರಲಿಲ್ಲ ಅಕ್ಕ. ನಾನು ಸತ್ತಿದ್ರೆ ಅವನು ಜೀವನಪೂರ್ತಿ ಅದನ್ನ ಹೊತ್ಕೊಂಡು ತಿರುಗ್ತಿದ್ದ. ಕುಣಿಗಲ್ಲಿನೋರಿಗೂ ಅವನೇ ಎಲ್ಲಾ ಹೇಳಿಬಿಟ್ಟ. ಅವರು ಮತ್ತೆ ಫೋನ್ ಮಾಡಿಲ್ಲ. ತಹಸೀನ್ "ಒಳ್ಳೇದಾಯ್ತು ಬಿಡಿ ದಾದಿಮಾ" ಅಂತಾಳೆ, ಬಾಯಿಮಾತಿಗೋ ನಿಜಕ್ಕೋ ಗೊತ್ತಿಲ್ಲ. ಅವಳ ಮುಖ ನೋಡಿದ್ರೆ ಇವತ್ತಿಗೂ ಸಂಕಟ ಆಗುತ್ತೆ.

ಬ್ಯಾಗು ನೋಡಿ ನೋಡಿ ನಿನ್ನ ಬೈತಿದ್ದೆ. ಇವಳೊಬ್ಬಳು ಸುಮ್ನಿದ್ದಿದ್ರೆ ನನಗೆ ಒಳಗೇ ಚೀಲ ಆಗಿರೋದು ಅಂತ. ಮಸೀದಿಯ ಹಜರತರನ್ನ ಝುಬೇರ್ ಕೇಳ್ಕೊಂಡು ಬಂದ. ಪ್ರತಿ ಹೊತ್ತಿಗೂ ಹೊಸದಾಗಿ ವುಜೂ ಮಾಡಿದ್ರೆ ಸಾಕು, ಮೈ ಕೈಲಾಗದ್ದಕ್ಕೆ ಮಾಫಿ ಇದೆ ಅಂದ್ರಂತೆ. ಆದ್ರೂ ನನಗೆ ಚಾಪೆ ಹಾಸೋಕೆ ಮನಸ್ಸು ಬರಲಿಲ್ಲ.

ನಿನ್ನೆ ಹಾಸಿದೆ. ಮಧ್ಯಾಹ್ನದ ನಮಾಜ್. ಚಾಪೆ ಮೇಲೆ ಕುರ್ಚಿ ಹಾಕ್ಕೊಂಡು ಕೂತೇ ಮಾಡ್ತಿದ್ದೆ, ಬಗ್ಗಿದಾಗ ಬ್ಯಾಗು ಒಂದು ಕಡೆ ಕಿತ್ತುಕೊಂಡಿತು. ಬೆಚ್ಚಗೆ ತೊಡೆ ಮೇಲೆ ಇಳಿದು ಚಾಪೆಯೆಲ್ಲಾ ನೆನೀತು. ಕಿರುಚಿಬಿಟ್ಟೆ. ಸೊಸೆ ಸೌಟು ಹಿಡ್ಕೊಂಡೇ ಓಡಿ ಬಂದಳು. ತಹಸೀನ್ ನನ್ನ ಲಂಗ ಬಿಚ್ಚಿ, ಒರೆಸಿ, ಹೊಸ ಬ್ಯಾಗು ಅಂಟಿಸಿ, ಅದು ಬಿಸಿಯಾಗಿ ಹಿಡೀಲಿ ಅಂತ ಅಂಗೈ ಒತ್ತಿ ಹಿಡ್ಕೊಂಡು ಕೂತಳು. ಅಂಗಡಿಯಿಂದ ಊಟಕ್ಕೆ ಬಂದಿದ್ದ ಝುಬೇರ್ ಚಾಪೆ ಒಗೆದು ತಂತಿ ಮೇಲೆ ಹಾಕಿದ. ಮೂರೂ ಜನ ನನ್ನ ಸುತ್ತ ಇದ್ರು. ನಾನು ಮಗು ಥರ ಅಳ್ತಿದ್ದೆ, ತಹಸೀನ್ ತಲೆ ಸವರ್ತಿದ್ದಳು. ಆಮೇಲೆ ಮತ್ತೆ ವುಜೂ ಮಾಡಿ, ಮೊದಲಿಂದ ನಮಾಜ್ ಮಾಡಿದೆ.

ಅಷ್ಟೂ ಹೊತ್ತು ನನಗೆ ಒಂದೇ ಯೋಚನೆ. ಎರಡು ಸಾವಿರದ ಹನ್ನೆರಡರಲ್ಲಿ, ಮೊದಲನೇ ಸಲ ನಿನ್ನ ಬ್ಯಾಗು ಹಿಂಗೆ ಕಿತ್ತುಕೊಂಡ ದಿನ, ನಿನ್ನ ಹತ್ರ ಯಾರಿದ್ರು ಅಕ್ಕ?

ತಾಜು